ಒಂದು ಮತದ ತೂಕ 131

ರಾಷ್ಟ್ರಪತಿ ಆಗುವುದು ಹೇಗೆ ಎಂದು ಮಗು ಕೇಳಿದರೆ ನಮ್ಮ ಬಳಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಚೆನ್ನಾಗಿ ಓದು, ನೀನೂ ಆಗಬಹುದು ಎಂಬುದು ಒಂದು. ಅದು ಆಶೀರ್ವಾದವೇ ಹೊರತು ಉತ್ತರವಲ್ಲ. ಇನ್ನೊಂದು ಸಮಾಜ ವಿಜ್ಞಾನದ ಗೈಡಿನ ಧಾಟಿಯದು: ಭಾರತದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಲಾಭದಾಯಕ ಹುದ್ದೆಯಲ್ಲಿ ಇರಬಾರದು, ಏಕ ವರ್ಗಾವಣೀಯ ಮತ ಪದ್ಧತಿಯಂತೆ ಎಲೆಕ್ಟೋರಲ್ ಕಾಲೇಜು ಅವರನ್ನು ಆರಿಸುತ್ತದೆ. ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಕೇಳಿದ ಮಗುವಿಗೆ ದಕ್ಕುವಂಥದ್ದೂ ಏನಿಲ್ಲ. ಕಾಲೇಜು ಎಂದ ಕೂಡಲೇ ಅದರ ಕಣ್ಣಿಗೆ ಗೇಟು, ಬಸ್ಸು, ಗಂಟೆ ಕಟ್ಟುತ್ತವೆ. ನಾಲ್ಕು ಅಂಕಕ್ಕೆಂದು ಬಾಯಿಪಾಠ ಮಾಡಿ ಪರೀಕ್ಷೆಯ ದಿನ ಸಂಜೆಗೇ ಮರೆತುಬಿಡುವ ವಾಕ್ಯ ಅದು. ಕಷ್ಟವೆಂದು ನಾವು ಮಕ್ಕಳಿಂದ ದೂರ ಇಡುತ್ತೇವಲ್ಲ, ಈ ಚುನಾವಣೆಯ ಲೆಕ್ಕ, ಅದೇ ಅವರ ಪ್ರಶ್ನೆಗೆ ಸರಿಯಾದ ಉತ್ತರ ಎಂಬುದು ನನ್ನ ವಾದ. ಭಾಗಾಕಾರ ಬಲ್ಲ ಮಗುವಿಗೆ ಅದು ತಿಳಿಯುತ್ತದೆ. ಅದು ತಿಳಿದರೆ ರಾಷ್ಟ್ರಪತಿ ಎಂಬ ಹುದ್ದೆ ಯಾಕಿದೆ ಎಂಬುದೂ ಅರ್ಧ ತಿಳಿದ ಹಾಗೆ.

ಶುರು ಮಾಡಬೇಕಾದ್ದು ಶಾಲೆಯಿಂದ. ಶಾಲಾ ಸಂಸತ್ತಿನ ಚುನಾವಣೆ ನಮ್ಮ ಮಕ್ಕಳಿಗೆ ಹೊಸದೇನಲ್ಲ. ಒಂದೊಂದು ತರಗತಿಯಿಂದ ಇಬ್ಬಿಬ್ಬರು ಪ್ರತಿನಿಧಿಗಳು ಬರುತ್ತಾರೆ, ಅವರೆಲ್ಲ ಸೇರಿ ಇಡೀ ಶಾಲೆಗೆ ಒಬ್ಬರನ್ನು ಆರಿಸುತ್ತಾರೆ ಎಂದಿಟ್ಟುಕೊಳ್ಳಿ. ಏಳನೇ ತರಗತಿಯಲ್ಲಿ 60 ಮಕ್ಕಳಿದ್ದಾರೆ, ಐದನೆಯದರಲ್ಲಿ 20. ಎಲ್ಲ ಪ್ರತಿನಿಧಿಗಳಿಗೂ ಒಂದೊಂದೇ ಮತ ಎಂದರೆ ಏಳನೇ ತರಗತಿಯವರು ಸುಮ್ಮನಿರುವುದಿಲ್ಲ. ನಮ್ಮ ಒಬ್ಬೊಬ್ಬರ ಬೆನ್ನಿಗೆ ಮೂವತ್ತು ಮಂದಿ ಇದ್ದಾರೆ, ಅವರ ಬೆನ್ನಿಗೆ ಹತ್ತೇ, ಇದ್ಯಾವ ನ್ಯಾಯ ಎಂದು ಜಗಳಕ್ಕೆ ನಿಲ್ಲುತ್ತಾರೆ. ಇಂಥ ವಿಷಯದಲ್ಲಿ ಮಕ್ಕಳು ದೊಡ್ಡವರಿಗಿಂತ ಚುರುಕು. ಹಾಗಾದರೆ ಏಳನೆಯ ಪ್ರತಿನಿಧಿಯ ಚೀಟಿಗೆ 30ರ ತೂಕ, ಐದನೆಯವನದಕ್ಕೆ 10ರ ತೂಕ ಎಂದು ಅವರೇ ತೀರ್ಮಾನಕ್ಕೆ ಬರುತ್ತಾರೆ. ಸಂವಿಧಾನದ 55ನೇ ವಿಧಿಯ ಮುಖ್ಯ ಭಾಗವನ್ನು ಅಲ್ಲಿಗೆ ಅವರು ತಾವಾಗಿಯೇ ಬರೆದಂತಾಯಿತು.

ಈಗ ಕರ್ನಾಟಕದ ಲೆಕ್ಕ. 1971ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 2,92,99,014. (1971 ಯಾಕೆ ಎಂದು ಮಗು ಇಲ್ಲಿಯೇ ಕೇಳಿದರೆ ಶಹಬ್ಬಾಸ್ ಎನ್ನಿ, ಆಮೇಲೆ ಹೇಳುತ್ತೇನೆ ಎನ್ನಿ.) ವಿಧಾನಸಭೆಯ ಚುನಾಯಿತ ಶಾಸಕರು 224. ಭಾಗಿಸಿದರೆ ಒಬ್ಬ ಶಾಸಕರ ಪಾಲಿಗೆ ಸುಮಾರು 1,30,799 ಜನ. ಅಷ್ಟು ದೊಡ್ಡ ಸಂಖ್ಯೆ ಹೊತ್ತು ತಿರುಗಲಾಗದೆಂದು ಸಾವಿರದಿಂದ ಮತ್ತೊಮ್ಮೆ ಭಾಗಿಸುತ್ತಾರೆ. 130.8 ಬರುತ್ತದೆ, ಅದನ್ನು ಪೂರ್ಣಾಂಕಕ್ಕೆ ತಂದರೆ 131. ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ ಅದು. ಮುಖ್ಯಮಂತ್ರಿಯದೂ 131, ಮೊದಲ ಸಲ ಗೆದ್ದುಬಂದವರದೂ 131. ಉತ್ತರ ಪ್ರದೇಶದ ಶಾಸಕರ ಮತಕ್ಕೆ 208, ತಮಿಳುನಾಡಿನವರದಕ್ಕೆ 176, ಕೇರಳದವರದಕ್ಕೆ 152, ಗೋವಾದವರದಕ್ಕೆ 20. ಸಿಕ್ಕಿಂ ಶಾಸಕರದಕ್ಕೆ ಬರೀ 7. ಅಲ್ಲಿನ 32 ಶಾಸಕರ ಮತಗಳನ್ನು ಒಟ್ಟು ಸೇರಿಸಿದರೂ 224 ಆಗುತ್ತದೆ, ನಮ್ಮ ಇಬ್ಬರು ಶಾಸಕರ 262ಕ್ಕೆ ಸಮ ಬರುವುದಿಲ್ಲ. ಬೆಳಗಾವಿಯ ಅಧಿವೇಶನದಲ್ಲಿ ಇದೇ ಶಾಸಕರ ಜೊತೆ ಸದನ ನಡೆಸುವ ವಿಧಾನ ಪರಿಷತ್ತಿನ 75 ಮಂದಿಗೆ ಈ ಚುನಾವಣೆಯಲ್ಲಿ ಮತವೇ ಇಲ್ಲ. ಪರಿಷತ್ತು ಎಲ್ಲ ರಾಜ್ಯಗಳಲ್ಲೂ ಇಲ್ಲ ಎಂಬುದನ್ನು ನೆನೆದರೆ ಅದರಲ್ಲಿ ಅರ್ಥವಿದೆ. ರಾಜ್ಯಸಭೆಗೆ ನಾಮನಿರ್ದೇಶನಗೊಂಡ 12 ಜನರಿಗೂ ಇಲ್ಲ.

ಸಂಸದರ ಮತದ ತೂಕ ತೆಗೆಯುವ ಕ್ರಮ ಬೇರೆ, ಇಡೀ ವ್ಯವಸ್ಥೆಯ ಜೀವ ಇರುವುದು ಅದರಲ್ಲಿ. 2022ರ ಚುನಾವಣೆಯನ್ನೇ ತೆಗೆದುಕೊಳ್ಳೋಣ. ಎಲ್ಲ ರಾಜ್ಯಗಳ ಮತ್ತು ದೆಹಲಿ, ಪುದುಚೇರಿಗಳ 4,033 ಶಾಸಕರ ಮತಮೌಲ್ಯ ಕೂಡಿಸಿದರೆ 5,43,231 ಬಂತು. ಅದನ್ನು ಲೋಕಸಭೆಯ 543 ಮತ್ತು ರಾಜ್ಯಸಭೆಯ 233 ಚುನಾಯಿತ ಸದಸ್ಯರಿಗೆ, ಅಂದರೆ 776 ಜನರಿಗೆ ಸಮನಾಗಿ ಹಂಚಿದರು. ತಲೆಗೆ 700. ಎಲ್ಲ ಸಂಸದರದೂ ಸೇರಿ 5,43,200. ತಕ್ಕಡಿಯ ಒಂದು ತಟ್ಟೆಯಲ್ಲಿ ದೇಶದ ಎಲ್ಲ ವಿಧಾನಸಭೆಗಳು, ಇನ್ನೊಂದರಲ್ಲಿ ಸಂಸತ್ತು, ನಡುವಿನ ವ್ಯತ್ಯಾಸ 31. ಒಬ್ಬ ಗೋವಾ ಶಾಸಕರ ಜೊತೆ ಇನ್ನಿಬ್ಬರು ಸಿಕ್ಕಿಂನವರನ್ನು ನಿಲ್ಲಿಸಿದರೆ ಮುಗಿದುಹೋಗುವಷ್ಟು. ಮುಳ್ಳು ನಟ್ಟನಡುವೆ ನಿಲ್ಲುವಂತೆ ಬೇಕೆಂದೇ ಹೀಗೆ ತೂಗಿದ್ದಾರೆ. ಪ್ರಧಾನಿಗೆ ಲೋಕಸಭೆಯ ಬಹುಮತ ಸಾಕು, ಮುಖ್ಯಮಂತ್ರಿಗೆ ವಿಧಾನಸಭೆಯದು ಸಾಕು. ರಾಜ್ಯಪಾಲರನ್ನು ನೇಮಿಸುವ ಆದೇಶಕ್ಕೂ, ರಾಜ್ಯ ಸರ್ಕಾರವನ್ನು ಬದಿಗೆ ಸರಿಸಿ ರಾಷ್ಟ್ರಪತಿ ಆಳ್ವಿಕೆ ಹೇರುವ ಘೋಷಣೆಗೂ ಸಹಿ ಹಾಕುವ ವ್ಯಕ್ತಿಯನ್ನು ಮಾತ್ರ ದೆಹಲಿಯೊಂದೇ ಆರಿಸಕೂಡದು, ರಾಜ್ಯಗಳ ಕೈಯೂ ಅಷ್ಟೇ ಭಾರವಾಗಿ ಅದರಲ್ಲಿರಬೇಕು ಎಂಬ ಆಲೋಚನೆ ಈ ಅಂಕಿಗಳ ಒಳಗಿದೆ. ಉಪರಾಷ್ಟ್ರಪತಿಯ ಆಯ್ಕೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ಅಲ್ಲಿ ಮತ ಹಾಕುವವರು ಸಂಸದರು ಮಾತ್ರ, ನಾಮನಿರ್ದೇಶಿತರೂ ಸೇರಿ. ರಾಜ್ಯಗಳಿಗೆ ಅಲ್ಲಿ ಪಾಲಿಲ್ಲ.

ಅಪ್ಪ ಅಮ್ಮ ಯಾಕೆ ಮತ ಹಾಕುವುದಿಲ್ಲ ಎಂಬುದು ಮಗುವಿನ ಮುಂದಿನ ಪ್ರಶ್ನೆ. ಎಷ್ಟೋ ದೊಡ್ಡವರ ಆಕ್ಷೇಪವೂ ಅದೇ: ದೇಶದ ಮೊದಲ ಪ್ರಜೆಯನ್ನು ಪ್ರಜೆಗಳೇ ನೇರವಾಗಿ ಆರಿಸದಿದ್ದರೆ ಅದೆಂಥ ಗಣರಾಜ್ಯ? ಸಂವಿಧಾನ ರಚನಾ ಸಭೆಯಲ್ಲಿ ಕೆ.ಟಿ. ಶಾ ಇದನ್ನೇ ಎತ್ತಿ ನೇರ ಚುನಾವಣೆಗಾಗಿ ವಾದಿಸಿದ್ದರು. ನೆಹರೂ 1947ರಲ್ಲೇ ಕೊಟ್ಟ ವಿವರಣೆಯ ಸಾರ ಇಷ್ಟು: ಅಧಿಕಾರ ಇರಬೇಕಾದ್ದು ಮಂತ್ರಿಮಂಡಲ ಮತ್ತು ಶಾಸನಸಭೆಯಲ್ಲಿ. ದೇಶದ ಎಲ್ಲ ವಯಸ್ಕರಿಂದ ಮತ ಹಾಕಿಸಿ ಒಬ್ಬರನ್ನು ಕೂರಿಸಿ, ಆಮೇಲೆ ನಿಮಗೆ ನಿಜವಾದ ಅಧಿಕಾರ ಇಲ್ಲ ಎನ್ನುವುದು ಹೊಂದುವ ಮಾತಲ್ಲ. ಯೋಚಿಸಿ ನೋಡಿದರೆ ಅದು ಸರಿ. ಕೋಟಿ ಕೋಟಿ ಜನರ ನೇರ ಮತ ಪಡೆದವರು ಪ್ರಧಾನಿಯ ಸಲಹೆಯಂತೆ ನಡೆಯಲು ಒಪ್ಪುವುದೇಕೆ? ಒಂದೇ ಮನೆಗೆ ಇಬ್ಬರು ಯಜಮಾನರಾಗುತ್ತಾರೆ. ಅಮೆರಿಕದ ಅಧ್ಯಕ್ಷರ ಸುದ್ದಿ ದಿನವೂ ಟಿವಿಯಲ್ಲಿ ನೋಡುವ ಮಕ್ಕಳಿಗೆ ಇಲ್ಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಅಲ್ಲಿನ ಅಧ್ಯಕ್ಷರು ಸರ್ಕಾರ ನಡೆಸುತ್ತಾರೆ. ನಮ್ಮಲ್ಲಿ ಸರ್ಕಾರ ನಡೆಸುವುದು ಪ್ರಧಾನಿ, ಸರ್ಕಾರ ನಡೆಯುವುದು ರಾಷ್ಟ್ರಪತಿಯ ಹೆಸರಿನಲ್ಲಿ. (ಹೆಂಗಸಾದರೂ ‘ಪತಿ’ ಯಾಕೆ ಎಂಬ ಪ್ರಶ್ನೆಯೂ ಬಂದೇ ಬರುತ್ತದೆ. 2007ರಲ್ಲಿ ಪ್ರತಿಭಾ ಪಾಟೀಲ್ ಆಯ್ಕೆಯಾದಾಗ ದೊಡ್ಡವರೂ ಇದನ್ನು ಸಾಕಷ್ಟು ಚರ್ಚಿಸಿದರು. ಇಲ್ಲಿ ಪತಿ ಎಂದರೆ ಒಡೆಯ, ಗಂಡನಲ್ಲ ಎಂಬಲ್ಲಿಗೆ ಅದು ನಿಂತಿದೆ.)

ಸ್ಪರ್ಧಿಸುವುದಕ್ಕೂ ಒಂದು ಬಾಗಿಲಿದೆ. 50 ಮತದಾರರು ಸೂಚಕರಾಗಿ, ಇನ್ನೂ 50 ಮಂದಿ ಅನುಮೋದಕರಾಗಿ ನಾಮಪತ್ರಕ್ಕೆ ಸಹಿ ಹಾಕಬೇಕು. ಅವರೆಲ್ಲ ಶಾಸಕರೋ ಸಂಸದರೋ ಆಗಿರಬೇಕು. ಠೇವಣಿ 15,000 ರೂಪಾಯಿ. ಮೊದಲು ಇಷ್ಟು ಬಿಗಿ ಇರಲಿಲ್ಲ. 1967ರಲ್ಲಿ 17 ಜನ ಕಣದಲ್ಲಿದ್ದರು, ಅವರಲ್ಲಿ 9 ಮಂದಿಗೆ ಒಂದು ಮತವೂ ಬೀಳಲಿಲ್ಲ. ಅಂಥ ಸ್ಪರ್ಧೆಗಳನ್ನು ತಡೆಯಲೆಂದೇ ನಿಯಮಗಳನ್ನು ಬಿಗಿಗೊಳಿಸುತ್ತ ಬಂದರು. ಹಾಗಾಗಿ ಯಾರು ಬೇಕಾದರೂ ಆಗಬಹುದು ಎಂಬ ಮಾತಿಗೆ ನೂರು ಸಹಿಗಳ ಷರತ್ತಿದೆ ಎಂದು ಮಗುವಿಗೆ ಹೇಳುವುದೇ ಪ್ರಾಮಾಣಿಕತೆ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಉಪರಬೇಡಾ ಎಂಬ ಹಳ್ಳಿಯಲ್ಲಿ ಹುಟ್ಟಿದ ದ್ರೌಪದಿ ಮುರ್ಮು ಶಿಕ್ಷಕಿಯಾಗಿದ್ದರು. 1997ರಲ್ಲಿ ರಾಯ್‌ರಂಗ್‌ಪುರದ ಕೌನ್ಸಿಲರ್, 2000ದಲ್ಲಿ ಶಾಸಕಿ, 2015ರಲ್ಲಿ ಜಾರ್ಖಂಡ್ ರಾಜ್ಯಪಾಲರು, 2022ರಲ್ಲಿ ರಾಷ್ಟ್ರಪತಿ. ಊರಿನ ವಾರ್ಡಿನಿಂದ ರಾಷ್ಟ್ರಪತಿ ಭವನಕ್ಕೆ 25 ವರ್ಷ ಹಿಡಿಯಿತು. ಅಬ್ದುಲ್ ಕಲಾಂ ಬೇರೆ ಒಂದು ಚುನಾವಣೆಗೂ ನಿಲ್ಲದೆ ನೇರ ಇಲ್ಲಿಗೆ ಬಂದರು ಎಂಬುದೂ ನಿಜ.

ಮತ ಎಣಿಕೆಯ ವಿಷಯಕ್ಕೆ ಬಂದರೆ, ‘ಏಕ ವರ್ಗಾವಣೀಯ ಮತ’ ಎಂಬ ನಾಲಿಗೆ ತೊಡರುವ ಹೆಸರಿನ ಒಳಗಿರುವುದು ಮನೆಮನೆಯಲ್ಲಿ ನಡೆಯುವ ಸಂಗತಿ. ಅಣ್ಣ ಅಂಗಡಿಗೆ ಹೊರಟಿದ್ದಾನೆ. ತಂಗಿ ಹೇಳುತ್ತಾಳೆ: ಮೈಸೂರು ಪಾಕು ತಾ, ಅದಿಲ್ಲದಿದ್ದರೆ ಜಿಲೇಬಿ, ಅದೂ ಇಲ್ಲದಿದ್ದರೆ ಬಾದೂಷ. ಮತಪತ್ರದಲ್ಲಿ ಹೆಸರುಗಳ ಮುಂದೆ 1, 2, 3 ಎಂದು ಬರೆಯುವುದು ಎಂದರೆ ಇದೇ. ಸಿಂಧುವಾದ ಮತಗಳ ಒಟ್ಟು ಮೌಲ್ಯದ ಅರ್ಧಕ್ಕಿಂತ ಹೆಚ್ಚು ಬಂದವರು ಗೆದ್ದಂತೆ. ಯಾರಿಗೂ ಅಷ್ಟು ಬರದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ಕೈಬಿಟ್ಟು, ಅವರ ಮತಪತ್ರಗಳಲ್ಲಿ ಯಾರ ಹೆಸರಿನ ಮುಂದೆ 2 ಇದೆಯೋ ಅವರ ಖಾತೆಗೆ ಆ ತೂಕ ಸೇರಿಸುತ್ತಾರೆ. ಮೈಸೂರು ಪಾಕು ಮುಗಿದಿದೆ, ಜಿಲೇಬಿ ಕಟ್ಟಿಕೊಡಿ.

ಈ ಜಿಲೇಬಿಯಿಂದಲೇ ರಾಷ್ಟ್ರಪತಿಯ ಆಯ್ಕೆ ತೀರ್ಮಾನವಾದದ್ದು ಒಂದೇ ಸಲ, 1969ರಲ್ಲಿ. ಅದರ ಮೊದಲ ಅಂಕ ನಡೆದದ್ದು ಬೆಂಗಳೂರಿನಲ್ಲಿ. ರಾಷ್ಟ್ರಪತಿ ಜಾಕಿರ್ ಹುಸೇನ್ ಮೇ ತಿಂಗಳಲ್ಲಿ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಕಾಂಗ್ರೆಸ್ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಇಷ್ಟವಿಲ್ಲದಿದ್ದರೂ ಪಕ್ಷದ ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘದ ಬೆಂಬಲ ಇದ್ದದ್ದು ಸಿ.ಡಿ. ದೇಶಮುಖರಿಗೆ. ಲೆಕ್ಕ ಬಲ್ಲ ನಿಜಲಿಂಗಪ್ಪ ಆ ಎರಡು ಪಕ್ಷಗಳ ನಾಯಕರನ್ನು ಕಂಡು, ನಿಮ್ಮವರ ಎರಡನೇ ಆಯ್ಕೆ ರೆಡ್ಡಿಯವರಿಗೆ ಬೀಳಲಿ ಎಂದು ಕೇಳಿಕೊಂಡರು. ಅದನ್ನೇ ಹಿಡಿದು ಇಂದಿರಾ ಬಣ ಕೂಗೆಬ್ಬಿಸಿತು, ಆತ್ಮಸಾಕ್ಷಿಯಂತೆ ಮತ ಹಾಕಿ ಎಂದು ಇಂದಿರಾ ಕರೆ ಕೊಟ್ಟರು. ಮೊದಲ ಸುತ್ತಿನಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಉಳಿದವರ ಮತಪತ್ರಗಳ ಮುಂದಿನ ಆಯ್ಕೆಗಳನ್ನು ಹಂಚುತ್ತ ಹೋದಾಗ ರೆಡ್ಡಿಯವರಿಗೆ ಸುಮಾರು 92 ಸಾವಿರ ಸೇರಿತು, ಗಿರಿಯವರಿಗೆ ಹದಿನೆಂಟೂವರೆ ಸಾವಿರ ಮಾತ್ರ. ನಿಜಲಿಂಗಪ್ಪನವರ ಲೆಕ್ಕ ತಪ್ಪಿರಲಿಲ್ಲ, ಅದು ಸಾಲದಾಯಿತು ಅಷ್ಟೇ. ಗಿರಿ 4,20,077ಕ್ಕೆ ಮುಟ್ಟಿ ಗೆದ್ದರು. ಗೆರೆ ದಾಟಿದ್ದು 1,908ರಷ್ಟು, ಅಂದರೆ ಇಂದಿನ ತೂಕದಲ್ಲಿ ನಮ್ಮ ಹದಿನೈದು ಶಾಸಕರ ಮತದ ಭಾರಕ್ಕಿಂತ ಕಡಿಮೆ. ಆ ವರ್ಷ ಮುಗಿಯುವ ಮೊದಲೇ ಕಾಂಗ್ರೆಸ್ ಎರಡು ಹೋಳಾಯಿತು.

ಇದು ಒಮ್ಮೆ ನಡೆದ ಕಥೆ, ಈಗ ಫಲಿತಾಂಶ ಮೊದಲೇ ಗೊತ್ತಿರುತ್ತದೆ, ಪಕ್ಷಗಳು ಆರಿಸಿದವರೇ ಗೆಲ್ಲುತ್ತಾರೆ, ಮಕ್ಕಳಿಗೆ ಈ ತಕ್ಕಡಿ ತೋರಿಸಿ ಏನು ಪ್ರಯೋಜನ ಎಂದು ಯಾರಾದರೂ ಕೇಳಬಹುದು. ಆಕ್ಷೇಪದ ಮೊದಲರ್ಧ ನಿಜ, ಅದನ್ನು ಮಕ್ಕಳಿಂದ ಮುಚ್ಚಿಡಬಾರದು. 1977ರಲ್ಲಂತೂ ಸಂಜೀವ ರೆಡ್ಡಿ ಅವಿರೋಧವಾಗಿಯೇ ಬಂದರು. ಆದರೆ ಈ ಚುನಾವಣೆಯಲ್ಲಿ ಪಕ್ಷಗಳು ವಿಪ್ ಹೊರಡಿಸುವಂತಿಲ್ಲ, ಮತ ಗುಪ್ತ. 2022ರಲ್ಲಿ ಮುರ್ಮು 6,76,803 ಮೌಲ್ಯದ ಮತ ಪಡೆದರು, ಎದುರಾಳಿ ಯಶವಂತ ಸಿನ್ಹಾ 3,80,177. ಗೆಲುವಿನ ಗೆರೆ 5,28,491 ಇತ್ತು. ಅಲ್ಲಿ ಅಡ್ಡಮತದಾನ ನಡೆಯಿತೆಂದು ಪತ್ರಿಕೆಗಳು ಬರೆದವು. ಹಾಗೆ ಮಾಡಿದವರು ಯಾರೆಂದು ಮತಪತ್ರ ನೋಡಿ ಹೇಳಲಾಗದು. ದೇಶದ ಶಾಸಕರು, ಸಂಸದರ ನಡುವೆ 53 ಮತಗಳು ಅಸಿಂಧುವಾದವು ಎಂಬುದನ್ನು ಶಾಲೆಯಲ್ಲಿ ತಪ್ಪಿಗೆ ಬೈಸಿಕೊಳ್ಳುವ ಮಕ್ಕಳಿಗೆ ಹೇಳಿದರೆ ಸ್ವಲ್ಪ ಸಮಾಧಾನವಾದೀತು.

ಇನ್ನೂ ಗಟ್ಟಿಯಾದ ಆಕ್ಷೇಪ ರಬ್ಬರ್ ಸ್ಟಾಂಪಿನದು. ಮಂತ್ರಿಮಂಡಲದ ಸಲಹೆಯಂತೆ ಸಹಿ ಹಾಕುವವರನ್ನು ಆರಿಸಲು ಇಷ್ಟು ನಾಜೂಕಿನ ತೂಕ ಯಾಕೆ? ಸಹಿ ಹಾಕುವ ಮುನ್ನ ಒಮ್ಮೆ ನಿಲ್ಲುವ ಅವಕಾಶ ಆ ಕುರ್ಚಿಗಿದೆ ಎಂಬುದು ಉತ್ತರ. ಮಂತ್ರಿಮಂಡಲದ ಸಲಹೆಯನ್ನು ಒಂದು ಸಲ ಮರುಪರಿಶೀಲನೆಗೆ ಕಳಿಸಬಹುದು, ಹಣಕಾಸು ಮಸೂದೆಯಲ್ಲದಿದ್ದರೆ ಸಂಸತ್ತು ಒಪ್ಪಿದ ಮಸೂದೆಯನ್ನೂ ಹಾಗೆ ಹಿಂದಿರುಗಿಸಬಹುದು. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ವಾಪಸು ಕಳಿಸಿದರು, ಸರ್ಕಾರ ಅದನ್ನು ಕೈಬಿಟ್ಟಿತು. 2006ರಲ್ಲಿ ಲಾಭದಾಯಕ ಹುದ್ದೆಯ ಮಸೂದೆಯನ್ನು ಕಲಾಂ ಹಿಂದಿರುಗಿಸಿದರು. ಸಂಸತ್ತು ಮತ್ತೆ ಒಪ್ಪಿ ಕಳಿಸಿತು, ಆಗ ಸಹಿ ಹಾಕಿದರು. ಜಮಖಂಡಿಯ ಬಿ.ಡಿ. ಜತ್ತಿ 1977ರಲ್ಲಿ ಐದು ತಿಂಗಳು ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಕಡತ ಅವರ ಮೇಜಿಗೆ ಬಂತು. ಕೂಡಲೇ ಸಹಿ ಹಾಕದೆ ಹಿಂಜರಿದರು, ಕೊನೆಗೆ ಹಾಕಿದರು. ಮೂರರಲ್ಲಿ ಎರಡು ಪ್ರಸಂಗಗಳು ರಾಜ್ಯಗಳಿಗೆ ಸಂಬಂಧಿಸಿದವು ಎಂಬುದನ್ನು ಗಮನಿಸಿ. ಆ ಕುರ್ಚಿಯ ಆಯ್ಕೆಯಲ್ಲಿ ವಿಧಾನಸಭೆಗಳಿಗೆ ಅರ್ಧ ಪಾಲು ಇರುವುದು ಸುಮ್ಮನೆ ಅಲ್ಲ.

ಈಗ ಬಾಕಿ ಉಳಿಸಿಕೊಂಡ ಪ್ರಶ್ನೆ. 2022ರ ಚುನಾವಣೆಗೆ 1971ರ ಜನಗಣತಿ ಯಾಕೆ? ಅರ್ಧ ಶತಮಾನ ಹಳೆಯ ಹಾಜರಿ ಪುಸ್ತಕ ಇಟ್ಟುಕೊಂಡು ಇಂದಿನ ಮಕ್ಕಳನ್ನು ಎಣಿಸಿದ ಹಾಗಾಯಿತಲ್ಲ ಎನ್ನುವ ಮಗು ಸರಿಯಾಗಿಯೇ ಹೇಳುತ್ತಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಈ ಅಂಕಿಯನ್ನು 1971ಕ್ಕೆ ಕಟ್ಟಿಹಾಕಿತು. 2001ರ 84ನೇ ತಿದ್ದುಪಡಿ, 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಬರುವವರೆಗೆ ಆ ಗಂಟನ್ನು ಹಾಗೆಯೇ ಇರಿಸಿತು. ಕಾರಣ ಇಷ್ಟೇ: ಕುಟುಂಬ ಯೋಜನೆ ಅಳವಡಿಸಿಕೊಂಡ ರಾಜ್ಯಗಳು ಅದಕ್ಕಾಗಿಯೇ ತೂಕ ಕಳೆದುಕೊಳ್ಳಬಾರದು. 2011ರ ಜನಗಣತಿ ಹಿಡಿದು ಇದೇ ಭಾಗಾಕಾರ ಮಾಡಿ ನೋಡಿ. ಕರ್ನಾಟಕದ 131 ಸುಮಾರು 273 ಆಗುತ್ತದೆ, ಕೇರಳದ 152 ಸುಮಾರು 239, ಉತ್ತರ ಪ್ರದೇಶದ 208 ಸುಮಾರು 496. ಇಂದು ಉತ್ತರ ಪ್ರದೇಶದ ಶಾಸಕರ ಮತ ಕೇರಳದವರದಕ್ಕಿಂತ ಒಂದೂಕಾಲು ಪಟ್ಟು ಮೀರಿ ತೂಗುತ್ತದೆ, ಆಗ ಎರಡು ಪಟ್ಟು ದಾಟುತ್ತದೆ. ನಮ್ಮದಕ್ಕೆ ಹೋಲಿಸಿದರೂ ಅಂತರ ಹಿಗ್ಗುತ್ತದೆ. ಏಳನೇ ತರಗತಿಯ ಮಕ್ಕಳು ಎತ್ತಿದ ನ್ಯಾಯದ ಪ್ರಶ್ನೆ ಇಲ್ಲಿ ಎರಡೂ ಕಡೆಯಿಂದ ಕುಯ್ಯುತ್ತದೆ. ಜನ ಹೆಚ್ಚಿದ್ದ ಕಡೆ ತೂಕ ಹೆಚ್ಚಬೇಡವೇ ಎಂಬುದೂ ನ್ಯಾಯ, ಸರ್ಕಾರ ಹೇಳಿದಂತೆ ನಡೆದವರಿಗೇ ದಂಡವೇ ಎಂಬುದೂ ನ್ಯಾಯ. ಲೋಕಸಭಾ ಸೀಟುಗಳ ಮರುಹಂಚಿಕೆಯ ಬಗ್ಗೆ ದಕ್ಷಿಣದ ರಾಜ್ಯಗಳು ಇಂದು ಮಾಡುತ್ತಿರುವ ವಾದದ ಬೇರು ಇದೇ. ಇದಕ್ಕೆ ಉತ್ತರ ದೊಡ್ಡವರಿಗೇ ಸಿಕ್ಕಿಲ್ಲ ಎಂದು ಮಗುವಿಗೆ ಹೇಳುವುದರಲ್ಲಿ ನಾಚಿಕೆಯೇನಿಲ್ಲ.

ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕೆನ್ನುವ ಚಿಕ್ಕ ಮಕ್ಕಳಿಗೆ ಮತದಾನದ ದಿನದ ವಿವರಗಳಿವೆ. ಸಂಸದರಿಗೆ ಹಸಿರು ಮತಪತ್ರ, ಶಾಸಕರಿಗೆ ಗುಲಾಬಿ. ಸ್ವಂತ ಪೆನ್ನನ್ನು ಬಾಗಿಲಲ್ಲೇ ಕೊಟ್ಟು ಒಳಹೋಗಬೇಕು. ಒಳಗೆ ಚುನಾವಣಾ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು, ಬೇರೆಯದರಲ್ಲಿ ಬರೆದರೆ ಮತ ಅಸಿಂಧು. 2017ರಿಂದ ಈ ಕ್ರಮ. ಆಯ್ಕೆಯನ್ನು ಅಕ್ಷರದಲ್ಲಿ ಬರೆಯುವಂತಿಲ್ಲ, ಅಂಕಿಯಲ್ಲೇ ಬರೆಯಬೇಕು. ಭಾರತೀಯ ಭಾಷೆಗಳ ಅಂಕಿಗಳೂ ನಡೆಯುತ್ತವೆ. ವಿಧಾನಸೌಧದಲ್ಲಿ ನಿಂತು ನಮ್ಮ ಶಾಸಕರು ‘೧’ ಎಂದು ಕನ್ನಡದಲ್ಲೇ ಬರೆಯಬಹುದು. ಆಮೇಲೆ ಮೊಹರು ಹಾಕಿದ ಪೆಟ್ಟಿಗೆ ವಿಮಾನ ಹತ್ತಿ ದೆಹಲಿಗೆ ಹೋಗುತ್ತದೆ. 2022ರಲ್ಲಿ ಅಧಿಕಾರಿಗಳ ಪಕ್ಕದ ಸೀಟಿಗೆ ‘ಮಿಸ್ಟರ್ ಬ್ಯಾಲೆಟ್ ಬಾಕ್ಸ್’ ಎಂಬ ಹೆಸರಿನಲ್ಲೇ ಟಿಕೆಟ್ ತೆಗೆಸಿ, ಮುಂದಿನ ಸಾಲಿನಲ್ಲಿ ಪೆಟ್ಟಿಗೆಯನ್ನು ಕೂರಿಸಿಕೊಂಡು ಹೋಗಿದ್ದರು.

ಮುರ್ಮು ಅವರ ಐದು ವರ್ಷದ ಅವಧಿ 2027ರ ಜುಲೈಯಲ್ಲಿ ಮುಗಿಯುತ್ತದೆ, ಅದಕ್ಕೆ ಮೊದಲೇ ಹೊಸ ಆಯ್ಕೆ ಆಗಬೇಕು. ಆಗ ಪತ್ರಿಕೆಗಳು ಯಾವ ರಾಜ್ಯದ ಮತಕ್ಕೆ ಎಷ್ಟು ಮೌಲ್ಯ ಎಂಬ ಪಟ್ಟಿ ಅಚ್ಚು ಹಾಕುತ್ತವೆ. ಮನೆಯಲ್ಲಿ ಮಕ್ಕಳಿದ್ದರೆ ಆ ಪುಟ ಮಡಿಚಿಡಬೇಡಿ. ಒಂದು ಪೆನ್ಸಿಲ್ ಕೊಟ್ಟು, ಕರ್ನಾಟಕದ ಸಾಲಿನಿಂದ ಶುರು ಮಾಡಲು ಹೇಳಿ.